ಕಸಿ ಕಿಡ್ನಿಯ ಗಾಯದಲ್ಲಿ ಹರ್ನಿಯಾ: ಆಪರೇಷನ್ ಮಾಡಿಸಿದರೆ ಕಿಡ್ನಿಗೆ ಅಪಾಯವೇ?

ಪ್ರಶ್ನೆ: ನನಗೆ 47 ವರ್ಷ. ಸಿಂಧನೂರು ಹತ್ತಿರದ ಅಕ್ಕಿ ಗಿರಣಿಯಲ್ಲಿ ಕೆಲಸ. ಮೂರು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಕಿಡ್ನಿ ಕಸಿ ಆಯಿತು. ಕಿಡ್ನಿ ಕೊಟ್ಟವಳು ನನ್ನ ಹೆಂಡತಿ. ಆಗ ಗಾಯದಲ್ಲಿ ಕೀವಾಗಿ ಒಂದು ತಿಂಗಳು ಡ್ರೆಸಿಂಗ್ ಮಾಡಿಸಿಕೊಂಡಿದ್ದೆ. ಈಗ ಕಿಡ್ನಿಯ ಕೆಲಸ ಅಳೆಯುವ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.4 ಇದೆ. ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್, ಪ್ರೆಡ್ನಿಸೊಲೋನ್ ಮಾತ್ರೆಗಳು ನಡೆಯುತ್ತಿವೆ. ಕಸಿಯ ನಂತರ ಸಕ್ಕರೆ ಕಾಯಿಲೆಯೂ ಬಂದಿದೆ. ಒಂದು ವರ್ಷದಿಂದ ಬಲಗಡೆ ಕೆಳಹೊಟ್ಟೆಯಲ್ಲಿ, ಹಳೆಯ ಗಾಯದ ಜಾಗದಲ್ಲಿ ಉಬ್ಬು ಬಂದಿದೆ. ನಿಂತರೆ, ಕೆಮ್ಮಿದರೆ ದೊಡ್ಡದಾಗುತ್ತದೆ, ಮಲಗಿದರೆ ಇಳಿಯುತ್ತದೆ. ಒಬ್ಬರು "ಕಿಡ್ನಿಯೇ ಜಾರಿ ಮುಂದೆ ಬಂದಿದೆ, ಮುಟ್ಟಿಸಬೇಡಿ" ಎಂದರು. ಇನ್ನೊಬ್ಬರು "ಹರ್ನಿಯಾ ಇದು, ಆಪರೇಷನ್ ಮಾಡಿಸಿದರೆ ಕಿಡ್ನಿ ಹೋಗುತ್ತದೆ, ಬೆಲ್ಟ್ ಕಟ್ಟಿಕೊಳ್ಳಿ" ಎಂದರು. ಏನು ಮಾಡಲಿ?

ಉತ್ತರ: ನೀವು ಬರೆದ ಲಕ್ಷಣಗಳನ್ನು ನೋಡಿದರೆ ಇದು ಹಳೆಯ ಗಾಯದ ಸೀಳಿನಿಂದ ಕರುಳೋ ಕೊಬ್ಬೋ ಹೊರಬರುತ್ತಿರುವ ಹರ್ನಿಯಾ ಆಗಿರುವ ಸಾಧ್ಯತೆಯೇ ಹೆಚ್ಚು. ಕಿಡ್ನಿ ಕಸಿಯಾದವರಲ್ಲೂ ಇದನ್ನು ಸರಿಪಡಿಸಬಹುದು. ಸರಿಯಾದ ಸಮಯ ನೋಡಿ, ಸಿದ್ಧತೆ ಮಾಡಿಕೊಂಡು, ಕಿಡ್ನಿ ಎಲ್ಲಿದೆ ಎಂದು ಬಲ್ಲವರ ಕೈಯಲ್ಲಿ ಮಾಡಿಸಿಕೊಂಡರೆ ಸಾಮಾನ್ಯವಾಗಿ ಕಿಡ್ನಿಗೆ ಧಕ್ಕೆಯಾಗುವುದಿಲ್ಲ. "ಆಪರೇಷನ್ ಮಾಡಿಸಿದರೆ ಕಿಡ್ನಿ ಹೋಗುತ್ತದೆ" ಎಂಬ ಮಾತು ನಮ್ಮ ರಾಯಚೂರು ಸೀಮೆಯಲ್ಲಿ ಎಷ್ಟೋ ಜನರ ಕಿವಿಗೆ ಬಿದ್ದಿದೆ. ಅದನ್ನು ನಂಬಿ ವರ್ಷಗಟ್ಟಲೆ ಬೆಲ್ಟ್ ಬಿಗಿದುಕೊಂಡು, ಕೊನೆಗೆ ಕರುಳು ಸಿಕ್ಕಿಹಾಕಿಕೊಂಡು ಅಪರಾತ್ರಿಯಲ್ಲಿ ಆಸ್ಪತ್ರೆಗೆ ಬರುವವರನ್ನು ಕಂಡಾಗ ನನಗೆ ತುಂಬಾ ಸಂಕಟವಾಗುತ್ತದೆ. ಕಸಿ ಕಿಡ್ನಿಗೆ ನಿಜವಾದ ಅಪಾಯ ಇರುವುದು ಅಂಥ ತುರ್ತು ಆಪರೇಷನ್ನಿನಲ್ಲಿ. ತಿಂಗಳುಗಳ ಮೊದಲೇ ದಿನ ಗೊತ್ತುಮಾಡಿ ಮಾಡುವ ಆಪರೇಷನ್ ಬೇರೆಯೇ ವಿಷಯ.

ನಿಮ್ಮ ಹೊಟ್ಟೆಯೊಳಗೆ ಏನು ಎಲ್ಲಿದೆ ಎಂಬುದು ಸ್ಪಷ್ಟವಾದರೆ ಅರ್ಧ ಭಯ ತಾನಾಗಿಯೇ ಹೋಗುತ್ತದೆ. ನಮ್ಮ ಹುಟ್ಟು ಕಿಡ್ನಿಗಳು ಬೆನ್ನಿನ ಕಡೆ, ಪಕ್ಕೆಲುಬಿನ ಆಸರೆಯಲ್ಲಿ ಇರುತ್ತವೆ. ಕಸಿ ಮಾಡುವಾಗ ಸಾಮಾನ್ಯವಾಗಿ ಅವನ್ನು ತೆಗೆಯುವುದಿಲ್ಲ. ಹೊಸ ಕಿಡ್ನಿಯನ್ನು ಕೆಳಹೊಟ್ಟೆಯಲ್ಲಿ, ಹೆಚ್ಚಾಗಿ ಬಲಗಡೆ, ಸೊಂಟದ ಮೂಳೆಯ ಒಳಬದಿಯ ತಗ್ಗಿನಲ್ಲಿ ಇಡುತ್ತಾರೆ. ಕಾಲಿಗೆ ಹೋಗುವ ದೊಡ್ಡ ರಕ್ತನಾಳಗಳು ಅಲ್ಲಿ ಕೈಗೆಟಕುತ್ತವೆ, ಮೂತ್ರಕೋಶವೂ ಪಕ್ಕದಲ್ಲೇ ಇದೆ. ಈ ಕ್ರಮ 1950ರ ದಶಕದಿಂದ ನಡೆದುಬಂದಿದೆ. ಇಲ್ಲಿ ಗಮನಿಸಬೇಕಾದ ಸಂಗತಿ ಎಂದರೆ, ಹೊಸ ಕಿಡ್ನಿ ಕರುಳುಗಳ ನಡುವೆ ಕೂತಿರುವುದಿಲ್ಲ. ಕರುಳುಗಳನ್ನು ಸುತ್ತುವರಿದ ತೆಳುಪೊರೆಯನ್ನು ಪಕ್ಕಕ್ಕೆ ಸರಿಸಿ, ಆ ಪೊರೆಯ ಹೊರಗೆ, ಹೊಟ್ಟೆಯ ಸ್ನಾಯುಗಳ ಹಿಂದೆಯೇ ಕಿಡ್ನಿಗೆ ಜಾಗ ಮಾಡಿರುತ್ತಾರೆ. ಅದಕ್ಕಾಗಿ ಪಕ್ಕೆಯಿಂದ ತೊಡೆಸಂದಿನ ಕಡೆಗೆ ಬಾಗಿದ ಗಾಯ ಮಾಡಿ ಮೂರು ಪದರ ಸ್ನಾಯುಗಳನ್ನು ದಾಟಬೇಕಾಗುತ್ತದೆ. ಆ ಪದರಗಳು ಮತ್ತೆ ಗಟ್ಟಿಯಾಗಿ ಕೂಡಿಕೊಳ್ಳದೆ ಹೋದಾಗ ಹರ್ನಿಯಾ ಬರುತ್ತದೆ.

ಕಸಿಯಾದ ನೂರು ಜನರಲ್ಲಿ ಬೆರಳೆಣಿಕೆಯಷ್ಟು ಮಂದಿಗೆ ಮಾತ್ರ ಹೀಗಾಗುತ್ತದೆ. ನಿಮಗೆ ಯಾಕೆ ಆಯಿತು ಎಂಬುದಕ್ಕೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಗಾಯದಲ್ಲಿ ಕೀವಾಗಿತ್ತು. ಕೀವಾದ ಗಾಯದಲ್ಲಿ ಒಳಗಿನ ಹೊಲಿಗೆ ಸಡಿಲಗೊಂಡು ಪದರಗಳು ಬಿಟ್ಟುಕೊಳ್ಳುವುದು ಬಹಳ ಸಾಮಾನ್ಯ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಗಾಯ ಮಾಯುವುದನ್ನು ನಿಧಾನ ಮಾಡುತ್ತದೆ, ಮೈಕೊಫಿನೊಲೇಟ್ ಕೂಡ ಸ್ವಲ್ಪ ಮಟ್ಟಿಗೆ ಹಾಗೆಯೇ. ಸಕ್ಕರೆ ಕಾಯಿಲೆ ಸೇರಿತು. ಅದೂ ಟ್ಯಾಕ್ರೊಲಿಮಸ್ ಮತ್ತು ಸ್ಟೀರಾಯ್ಡ್ ತಂದುಕೊಟ್ಟಿದ್ದೇ ಇರಬಹುದು. ಇದರ ಮೇಲೆ ಗಿರಣಿಯ ಕೆಲಸ. ನಮ್ಮ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಭತ್ತದ ಚೀಲವೆಂದರೆ 75 ಕೆಜಿ ಎಂದೇ ಲೆಕ್ಕ. ನೀವು ಚೀಲ ಹೊರುತ್ತೀರೋ, ಲೆಕ್ಕ ಬರೆಯುತ್ತೀರೋ ಪತ್ರದಲ್ಲಿ ಹೇಳಿಲ್ಲ. ಹೊರುತ್ತಿದ್ದರೆ ಇಂದೇ ನಿಲ್ಲಿಸಿ. ಬೇರೆಯವರಲ್ಲಿ ಸ್ಥೂಲಕಾಯ, ಧೂಮಪಾನ, ಕಿಡ್ನಿಯ ಸುತ್ತ ದುಗ್ಧರಸ (ಲಿಂಫ್ ಎಂಬ ದ್ರವ) ತುಂಬಿಕೊಳ್ಳುವುದು, ಅದೇ ಗಾಯವನ್ನು ಎರಡನೆಯ ಬಾರಿ ತೆರೆಯಬೇಕಾಗಿ ಬರುವುದು ಇವೂ ಕಾರಣವಾಗುತ್ತವೆ. ಕಿಡ್ನಿ ತುಂಬಾ ನೀರುಗುಳ್ಳೆಗಳಾಗುವ ವಂಶಪಾರಂಪರ್ಯ ಕಾಯಿಲೆಯಿಂದ ಕಿಡ್ನಿ ಕಳೆದುಕೊಂಡವರಲ್ಲಿ ಹರ್ನಿಯಾ ತುಸು ಹೆಚ್ಚು.

ಇನ್ನು "ಕಿಡ್ನಿಯೇ ಮುಂದೆ ಬಂದಿದೆ" ಎಂದವರ ಮಾತು. ಅವರನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಬಲಗಡೆ ಕೆಳಹೊಟ್ಟೆಯ ಉಬ್ಬಿಗೆ ಮೂರು ಅರ್ಥಗಳಿರಬಹುದು. ಮೊದಲನೆಯದು ಕಿಡ್ನಿಯೇ: ತೆಳ್ಳಗಿನವರಲ್ಲಿ ಕಸಿ ಕಿಡ್ನಿ ಹೊರಗಿನಿಂದಲೇ ಕಾಣುವಂತೆ ಉಬ್ಬಿರುತ್ತದೆ, ಅದು ಸಹಜ. ಎರಡನೆಯದು ಸ್ನಾಯುವಿನ ಸಡಿಲ: ಗಾಯ ಮಾಡುವಾಗ ಪಕ್ಕೆಯಿಂದ ಬರುವ ನರಗಳಿಗೆ ಪೆಟ್ಟಾಗಿದ್ದರೆ ಆ ಭಾಗದ ಸ್ನಾಯು ಶಕ್ತಿ ಕಳೆದುಕೊಂಡು ಜೋತುಬೀಳುತ್ತದೆ. ಹೊರಗಿನಿಂದ ಅದು ಹರ್ನಿಯಾದಂತೆಯೇ ಕಾಣುತ್ತದೆ, ಆದರೆ ಅಲ್ಲಿ ತೂತು ಇರುವುದಿಲ್ಲ. ಕರುಳು ಸಿಕ್ಕಿಕೊಳ್ಳುವ ಭಯವೂ ಇಲ್ಲ. ಅದಕ್ಕೆ ಆಪರೇಷನ್ ಮಾಡಿದರೂ ಹೆಚ್ಚು ಪ್ರಯೋಜನವಾಗದೆ ಇರಬಹುದು. ಮೂರನೆಯದು ನಿಜವಾದ ಹರ್ನಿಯಾ.

ಇವನ್ನು ಬೇರ್ಪಡಿಸಲು ಮೊದಲು ಬೇಕಾದದ್ದು ವೈದ್ಯರ ಕೈ. ನಾನು ರೋಗಿಯನ್ನು ಮೊದಲು ನಿಲ್ಲಿಸಿ ನೋಡುತ್ತೇನೆ, ಆಮೇಲೆ ಮಲಗಿಸುತ್ತೇನೆ. ಅಂಗೈಯನ್ನು ಗಾಯದ ಗೆರೆಯ ಮೇಲೆ ಉದ್ದಕ್ಕೂ ಇಟ್ಟು, ಕೈ ಊರದೆ ತಲೆ ಎತ್ತಲು ಹೇಳುತ್ತೇನೆ. ಹೊಟ್ಟೆಯ ಸ್ನಾಯು ಬಿಗಿಯಾದಾಗ ಬೆರಳ ತುದಿಗೆ ಸೀಳಿನ ಅಂಚು ಸಿಗುತ್ತದೆ. ಗಟ್ಟಿ ಸ್ನಾಯು ಮುಗಿದು ಮೆತ್ತನೆಯ ಜಾಗ ಎಲ್ಲಿ ಶುರುವಾಗುತ್ತದೆ, ಮತ್ತೆ ಎಲ್ಲಿ ಗಟ್ಟಿಯಾಗುತ್ತದೆ ಎಂದು ಅಳೆಯಬಹುದು. ಕೆಮ್ಮಿಸಿದಾಗ ಹರ್ನಿಯಾ ಬೆರಳಿಗೆ ಬಡಿಯುತ್ತದೆ. ಕರುಳಿದ್ದರೆ ಒತ್ತಿದಾಗ ಗುಳುಗುಳು ಸದ್ದಿನೊಂದಿಗೆ ಒಳಗೆ ಸರಿಯುತ್ತದೆ. ಕಿಡ್ನಿ ಹಾಗೆ ಸರಿಯುವುದಿಲ್ಲ. ಅದು ನಯವಾಗಿ, ಗಟ್ಟಿಯಾಗಿ ಇದ್ದಲ್ಲೇ ಇರುತ್ತದೆ. ನಿಮ್ಮ ಉಬ್ಬು ಮಲಗಿದರೆ ಇಳಿಯುತ್ತದೆ ಎಂದಿದ್ದೀರಿ. ಆ ಒಂದು ಸಾಲಿನಿಂದಲೇ ನನ್ನ ಅನುಮಾನ ಹರ್ನಿಯಾದ ಕಡೆ ವಾಲಿತು.

ಕೈಯ ಪರೀಕ್ಷೆಯ ನಂತರ ಸಿಟಿ ಸ್ಕ್ಯಾನ್ ಬೇಕೇ ಬೇಕು. ಕಸಿಯಾಗದವರ ಸಣ್ಣ ಹರ್ನಿಯಾಕ್ಕೆ ಎಷ್ಟೋ ಸಲ ಸ್ಕ್ಯಾನ್ ಇಲ್ಲದೆಯೂ ನಡೆಯುತ್ತದೆ, ನಿಮ್ಮಂಥವರಲ್ಲಿ ಅದನ್ನು ಬಿಡುವಂತಿಲ್ಲ. ಸೀಳು ಎಷ್ಟು ಅಗಲ, ಅದರ ಅಂಚಿಗೂ ಕಿಡ್ನಿಗೂ ಎಷ್ಟು ಅಂತರ, ಕಿಡ್ನಿಯಿಂದ ಮೂತ್ರಕೋಶಕ್ಕೆ ಹೋಗುವ ಹೊಸ ಮೂತ್ರನಾಳ ಯಾವ ದಾರಿಯಲ್ಲಿದೆ, ಸುತ್ತ ಎಲ್ಲಾದರೂ ನೀರು ನಿಂತಿದೆಯೇ ಎಂಬುದೆಲ್ಲ ಅದರಲ್ಲಿ ತಿಳಿಯುತ್ತದೆ. ಇಷ್ಟಕ್ಕೆ ನರದ ಮೂಲಕ ಬಣ್ಣದ ಔಷಧ ಕೊಡದೆ ಮಾಡುವ ಸ್ಕ್ಯಾನ್ ಸಾಮಾನ್ಯವಾಗಿ ಸಾಕು. ಆ ಔಷಧ ಕಿಡ್ನಿಗೆ ಹೊರೆಯಾಗಬಹುದು. ಹಾಗಾಗಿ ಸ್ಕ್ಯಾನ್ ಕೋಣೆಯ ಬಾಗಿಲಲ್ಲೇ "ನನಗೆ ಕಸಿ ಕಿಡ್ನಿ ಇದೆ" ಎಂದು ಬಾಯಿಬಿಟ್ಟು ಹೇಳಿ. ಚೀಟಿಯಲ್ಲಿ ಬರೆದಿರುತ್ತಾರೆ ಎಂದು ಸುಮ್ಮನಿರಬೇಡಿ.

ಎಲ್ಲ ಹರ್ನಿಯಾಕ್ಕೂ ಆಪರೇಷನ್ ಬೇಕೇ? ಬೇಕಿಲ್ಲ. ನೋವಿಲ್ಲದ, ಬೆಳೆಯದ, ಬಾಯಿ ಅಗಲವಿರುವ ಹರ್ನಿಯಾ ವಯಸ್ಸಾದವರಲ್ಲಿ ಇದ್ದರೆ, ಅಥವಾ ಹೃದಯದ ಸ್ಥಿತಿ ಚೆನ್ನಾಗಿಲ್ಲದವರಲ್ಲಿ ಇದ್ದರೆ ಕಾದು ನೋಡುವುದೇ ಸರಿ. ನಿಮ್ಮದು ಹಾಗಲ್ಲ. ವಯಸ್ಸು 47, ದುಡಿಯುವ ಮನುಷ್ಯ, ಉಬ್ಬು ಬಂದು ಒಂದು ವರ್ಷವಾಗಿದೆ. ಹರ್ನಿಯಾ ತಾನಾಗಿ ವಾಸಿಯಾಗುವುದಿಲ್ಲ. ಬೆಳೆದಷ್ಟೂ ಸೀಳಿನ ಅಂಚುಗಳು ದೂರ ಸರಿಯುತ್ತವೆ, ಆಪರೇಷನ್ ಕಷ್ಟವಾಗುತ್ತದೆ. ಕಸಿಯಾಗಿ ಮೂರು ವರ್ಷ ಕಳೆದು ಕಿಡ್ನಿ ಸ್ಥಿರವಾಗಿರುವುದು, ಸ್ಟೀರಾಯ್ಡ್ ಡೋಸ್ ಆರಂಭದಲ್ಲಿದ್ದಷ್ಟು ಇಲ್ಲದಿರುವುದು ನಿಮಗೆ ಅನುಕೂಲ. ಕಸಿಯಾದ ಮೊದಲ ಆರು ತಿಂಗಳಲ್ಲಿ ಇದೇ ಪ್ರಶ್ನೆ ಕೇಳಿದ್ದರೆ, ತುರ್ತು ಇಲ್ಲದಿದ್ದಲ್ಲಿ ಸ್ವಲ್ಪ ತಡೆಯಿರಿ ಎನ್ನುತ್ತಿದ್ದೆ. ಈಗ ತಡೆಯಲು ಕಾರಣ ಕಾಣುತ್ತಿಲ್ಲ.

ಬೆಲ್ಟ್ ವಿಷಯ ಚಿಕ್ಕದು. ಅದು ಆಪರೇಷನ್ ದಿನದವರೆಗೆ ಸ್ವಲ್ಪ ಆರಾಮ ಕೊಡಬಹುದು, ವಾಸಿ ಮಾಡುವುದಿಲ್ಲ. ಬಿಗಿಯಾಗಿ ಕಟ್ಟಿದರೆ ಹೊಟ್ಟೆಯ ಸ್ನಾಯುವಿನ ಹಿಂದೆಯೇ ಇರುವ ಕಿಡ್ನಿಯ ಮೇಲೆ ಒತ್ತಡ ಬೀಳುತ್ತದೆ. ನಮ್ಮ ಬಿಸಿಲಿಗೆ ಬೆಲ್ಟಿನ ಕೆಳಗೆ ಬೆವರು ನಿಂತು ಚರ್ಮ ಕೆರೆದು ಹುಣ್ಣಾಗುತ್ತದೆ. ಆಪರೇಷನ್ ಆಗಬೇಕಾದ ಜಾಗದಲ್ಲೇ ಹುಣ್ಣು ಇಟ್ಟುಕೊಂಡು, ಸೀಳಿಗೆ ಆಸರೆಯಾಗಿ ಒಳಗೆ ಹಾಸುವ ಜಾಲರಿಯನ್ನು (ಮೆಶ್) ಹಾಕಲು ಬರುವುದಿಲ್ಲ. ಉಬ್ಬಿನ ಮೇಲೆ ಎಣ್ಣೆ ತಿಕ್ಕಿಸುವುದು, ಪಟ್ಟು ಹಾಕಿಸುವುದು, ಸುಟ್ಟು ಬರೆ ಹಾಕಿಸುವುದು ಯಾವುದೂ ಬೇಡ. ಕೈಮುಗಿದು ಕೇಳಿಕೊಳ್ಳುತ್ತೇನೆ, ಯಾರು ಎಷ್ಟೇ ಒತ್ತಾಯ ಮಾಡಿದರೂ ಬೇಡ.

ಯಾವಾಗ ಒಂದು ಕ್ಷಣವೂ ಕಾಯಬಾರದು ಎಂಬುದನ್ನು ನೀವು, ನಿಮ್ಮ ಮನೆಯವರು ಎಲ್ಲರೂ ತಿಳಿದಿರಬೇಕು. ಮಲಗಿದರೂ ಉಬ್ಬು ಒಳಗೆ ಹೋಗದಿದ್ದರೆ, ಅದು ಕಲ್ಲಿನಂತೆ ಗಟ್ಟಿಯಾದರೆ, ನೋವು ಏರುತ್ತಿದ್ದರೆ, ವಾಂತಿಯಾದರೆ, ಗಾಳಿಯೂ ಮಲವೂ ಹೋಗದಿದ್ದರೆ, ಮೇಲಿನ ಚರ್ಮ ಕೆಂಪಗೋ ಕಪ್ಪಗೋ ಆದರೆ ಕರುಳು ಸಿಕ್ಕಿಕೊಂಡಿದೆ ಎಂದುಕೊಂಡು ಹೊರಟುಬಿಡಿ. ಇಲ್ಲಿ ಕಸಿಯಾದವರು ತಿಳಿದಿರಲೇಬೇಕಾದ ಒಂದು ಮೋಸವಿದೆ. ಸ್ಟೀರಾಯ್ಡ್ ಮತ್ತು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಗಳು ಜ್ವರವನ್ನೂ ಹೊಟ್ಟೆನೋವನ್ನೂ ಮುಚ್ಚಿಡುತ್ತವೆ. ಕರುಳಿಗೆ ರಕ್ತ ನಿಂತು ಕೊಳೆಯಲು ಶುರುವಾಗಿದ್ದರೂ ಹೊಟ್ಟೆ ಮೆತ್ತಗೇ ಇರಬಹುದು, ಜ್ವರ ಬಾರದೆಯೂ ಇರಬಹುದು. "ಜ್ವರ ಇಲ್ಲ, ಬೆಳಗಾಗಲಿ ನೋಡೋಣ" ಎಂಬ ಲೆಕ್ಕಾಚಾರ ನಿಮಗೆ ಸಲ್ಲದು. ಬೆಂಗಳೂರಿಗೇ ಹೋಗಬೇಕೆಂದು ರಾತ್ರಿ ಬಸ್ಸನ್ನೋ ರೈಲನ್ನೋ ಕಾಯಬೇಡಿ. ಮೊದಲು ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ರಾಯಚೂರಿನಲ್ಲಿ, ಬಳ್ಳಾರಿಯಲ್ಲಿ, ಕೊಪ್ಪಳದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಅಲ್ಲಿಂದ ಕಸಿ ಮಾಡಿದ ವೈದ್ಯರಿಗೆ ಫೋನ್ ಮಾಡಿಸಿ.

ಈಗ ಸಿದ್ಧತೆ. ಈ ಭಾಗವನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಫಲಿತಾಂಶದ ಬಹುಪಾಲು ಇಲ್ಲೇ ತೀರ್ಮಾನವಾಗುತ್ತದೆ. ಆಪರೇಷನ್ನಿಗೆ ಮೊದಲು ಇಬ್ಬರು ವೈದ್ಯರು ಪರಸ್ಪರ ಮಾತನಾಡಿರಬೇಕು: ಹರ್ನಿಯಾ ಸರಿಪಡಿಸುವ ಶಸ್ತ್ರಚಿಕಿತ್ಸಕರು ಮತ್ತು ನಿಮ್ಮ ಕಿಡ್ನಿಯನ್ನು ನೋಡಿಕೊಳ್ಳುತ್ತಿರುವ ತಜ್ಞರು. ಇದು ಆಗಿಯೇ ತೀರಬೇಕೆಂದು ಹಟ ಹಿಡಿಯಿರಿ. ಕಸಿಯಾದಾಗ ಕೊಟ್ಟ ಡಿಸ್ಚಾರ್ಜ್ ಸಾರಾಂಶ ಮತ್ತು ಸಾಧ್ಯವಾದರೆ ಆಪರೇಷನ್ ಟಿಪ್ಪಣಿಯ ಪ್ರತಿಯನ್ನು ತರಿಸಿಕೊಳ್ಳಿ. ಕಿಡ್ನಿ ಯಾವ ಬದಿಗಿದೆ, ರಕ್ತನಾಳಗಳನ್ನು ಎಲ್ಲಿ ಜೋಡಿಸಿದ್ದಾರೆ, ಮೂತ್ರನಾಳವನ್ನು ಹೇಗೆ ತಂದಿದ್ದಾರೆ ಎಂಬುದು ಅದರಲ್ಲಿ ಇರುತ್ತದೆ. ಆ ಎರಡು ಹಾಳೆ ಕೈಯಲ್ಲಿದ್ದರೆ ನನ್ನಂಥವನಿಗೆ ಎಷ್ಟು ಸಹಾಯವೆಂದು ಹೇಳಲಾರೆ.

ಟ್ಯಾಕ್ರೊಲಿಮಸ್ ಮಾತ್ರೆಯನ್ನು ಆಪರೇಷನ್ ಇದೆಯೆಂದು ನಿಲ್ಲಿಸುವಂತಿಲ್ಲ. ಹೊಟ್ಟೆ ಖಾಲಿ ಇಡಲು ಹೇಳಿದ ದಿನವೂ ಒಂದು ಗುಟುಕು ನೀರಿನಲ್ಲಿ ನುಂಗಬೇಕು, ಸಮಯ ತಪ್ಪಬಾರದು. ರಕ್ತದಲ್ಲಿ ಅದರ ಮಟ್ಟ ನೋಡುವುದಿದ್ದರೆ ಬೆಳಗಿನ ಮಾತ್ರೆಗೆ ಮೊದಲು ರಕ್ತ ಕೊಡಿ. ಪ್ರೆಡ್ನಿಸೊಲೋನ್ ವರ್ಷಗಟ್ಟಲೆ ತೆಗೆದುಕೊಂಡವರ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಆಪರೇಷನ್ನಿನ ಒತ್ತಡಕ್ಕೆ ರಕ್ತದೊತ್ತಡ ಕುಸಿಯದಂತೆ ಆ ದಿನ ಹೆಚ್ಚುವರಿ ಸ್ಟೀರಾಯ್ಡ್ ಚುಚ್ಚುಮದ್ದು ಬೇಕಾಗಬಹುದು; ಅರಿವಳಿಕೆ ವೈದ್ಯರಿಗೆ ನಿಮ್ಮ ಡೋಸ್ ಗೊತ್ತಿರಲಿ. ನಿಮ್ಮ ಪಟ್ಟಿಯಲ್ಲಿ ಸಿರೊಲಿಮಸ್ ಅಥವಾ ಎವೆರೊಲಿಮಸ್ ಇಲ್ಲ. ಆದರೆ ಇದನ್ನು ಓದುವ ಬೇರೆ ಕಸಿ ರೋಗಿಗಳಲ್ಲಿ ಆ ಮಾತ್ರೆ ತೆಗೆದುಕೊಳ್ಳುವವರು ಇರಬಹುದು. ಗಾಯ ಮಾಯುವುದಕ್ಕೆ ಅವು ಬಹಳ ಅಡ್ಡಿ ಮಾಡುತ್ತವೆ. ಆದ್ದರಿಂದ ಕಿಡ್ನಿ ತಜ್ಞರು ಆಪರೇಷನ್ನಿಗೆ ಕೆಲವು ವಾರ ಮೊದಲು ಅವನ್ನು ನಿಲ್ಲಿಸಿ ಬದಲಿಗೆ ಟ್ಯಾಕ್ರೊಲಿಮಸ್‌ನಂಥದ್ದನ್ನು ಕೊಟ್ಟು, ಗಾಯ ಪೂರ್ತಿ ಮಾಯ್ದ ಮೇಲೆ ಮತ್ತೆ ಶುರು ಮಾಡುತ್ತಾರೆ. ಈ ಬದಲಾವಣೆಯನ್ನು ರೋಗಿ ತಾನಾಗಿ ಮಾಡಿಕೊಂಡರೆ ದೇಹ ಕಿಡ್ನಿಯನ್ನು ತಿರಸ್ಕರಿಸುವ ಅಪಾಯವಿದೆ.

ಸಕ್ಕರೆ ಹತೋಟಿಗೆ ಬರಲಿ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 8ಕ್ಕಿಂತ ಕೆಳಗಿದ್ದರೆ ನನಗೆ ಧೈರ್ಯ. ಬೀಡಿ, ಸಿಗರೇಟು ಇದ್ದರೆ ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು, ಗುಟ್ಕಾ ಕೂಡ. ತೂಕ ಹೆಚ್ಚಿದ್ದರೆ ಇಳಿಸಿ. ಮಲಬದ್ಧತೆ, ಮೂತ್ರ ಮಾಡಲು ತಿಣುಕುವುದು ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆಯಾಗಲಿ.

ಕೆಮ್ಮಿನ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಗಿರಣಿಯಲ್ಲಿ ತವುಡಿನ ದೂಳು ದಿನವಿಡೀ ಹಾರುತ್ತದೆ, ಕೆಮ್ಮು ಬಂದರೆ ದೂಳಿನದೇ ಎಂದು ಎಲ್ಲರೂ ಸುಮ್ಮನಿರುತ್ತಾರೆ. ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಎರಡು ವಾರ ಮೀರಿದ ಕೆಮ್ಮು ಎಂದರೆ ಕ್ಷಯವನ್ನು ಪರೀಕ್ಷಿಸಲೇಬೇಕು. ಅದು ಇದ್ದು, ಕ್ಷಯದ ಔಷಧ ರಿಫಾಂಪಿಸಿನ್ ಶುರುವಾದರೆ ರಕ್ತದಲ್ಲಿ ಟ್ಯಾಕ್ರೊಲಿಮಸ್ ಮಟ್ಟ ಪಾತಾಳಕ್ಕೆ ಇಳಿದು ಕಿಡ್ನಿ ಅಪಾಯಕ್ಕೆ ಸಿಲುಕುತ್ತದೆ. ಆಗ ಔಷಧದ ಲೆಕ್ಕವನ್ನೇ ಹೊಸದಾಗಿ ಮಾಡಬೇಕು. ಕ್ಷಯ ಇಲ್ಲದಿದ್ದರೂ ಕೆಮ್ಮು ನಿಲ್ಲದೆ ಹರ್ನಿಯಾ ಮುಚ್ಚಿದರೆ, ಪ್ರತಿ ಕೆಮ್ಮಿಗೂ ಹೊಸ ಹೊಲಿಗೆಯ ಮೇಲೆ ಜಗ್ಗು ಬೀಳುತ್ತದೆ.

ಆಪರೇಷನ್ನಿನಲ್ಲಿ ಏನು ಮಾಡುತ್ತಾರೆ? ಬರೀ ದಾರದಿಂದ ಸೀಳನ್ನು ಎಳೆದು ಹೊಲಿದರೆ ಸಾಲದು. ನೆದರ್ಲೆಂಡ್ಸ್‌ನಲ್ಲಿ ನಡೆದು 2000ನೇ ಇಸವಿಯಲ್ಲಿ ಪ್ರಕಟವಾದ ಹೆಸರುವಾಸಿ ಅಧ್ಯಯನವೊಂದರಲ್ಲಿ, ಬರೀ ಹೊಲಿಗೆ ಹಾಕಿದವರಲ್ಲಿ ಮೂರು ವರ್ಷಗಳೊಳಗೆ ಶೇ 43ರಷ್ಟು ಮಂದಿಗೆ, ಜಾಲರಿ ಹಾಕಿದವರಲ್ಲಿ ಶೇ 24ರಷ್ಟು ಮಂದಿಗೆ ಹರ್ನಿಯಾ ಮರುಕಳಿಸಿತ್ತು. ಹತ್ತು ವರ್ಷಗಳ ಲೆಕ್ಕದಲ್ಲಿ ಅದು ಶೇ 63 ಮತ್ತು ಶೇ 32 ಆಯಿತು. ಅವರು ಕಸಿ ರೋಗಿಗಳಲ್ಲ, ಅವರದು ಹೊಟ್ಟೆಯ ನಡುಗೆರೆಯ ಹರ್ನಿಯಾ. ಆದರೂ ಗಾಯ ನಿಧಾನವಾಗಿ ಮಾಯುವ ಕಸಿ ರೋಗಿಗೆ ಜಾಲರಿಯ ಆಸರೆ ಇನ್ನಷ್ಟು ಬೇಕು ಎಂಬುದೇ ನನ್ನ ತೀರ್ಮಾನ. ಸೋಂಕು ತಗುಲೀತೆಂಬ ಭಯದಿಂದ ಕಸಿಯಾದವರಿಗೆ ಜಾಲರಿ ಬೇಡವೇ ಬೇಡ ಎನ್ನುವ ಅಭಿಪ್ರಾಯ ಹಿಂದೆ ಇತ್ತು. ಗಾಯ ಶುಚಿಯಾಗಿದ್ದು, ಮುಂಜಾಗ್ರತೆ ವಹಿಸಿದರೆ ಹಾಕಬಹುದು ಎಂಬುದು ಈಗಿನ ರೂಢಿ.

ಆ ಜಾಲರಿ ಪಾಲಿಪ್ರೊಪಿಲೀನ್ ಎಂಬ ವಸ್ತುವಿನದು. ನಿಮ್ಮ ಗಿರಣಿಯಲ್ಲಿ ಅಕ್ಕಿ ತುಂಬುವ ಬಿಳಿ ನೇಯ್ಗೆಯ ಚೀಲವೂ ಅದೇ ಜಾತಿಯದು. ಆಸ್ಪತ್ರೆಯದು ಕ್ರಿಮಿಶುದ್ಧ ಮಾಡಿದ, ದೊಡ್ಡ ಕಣ್ಣಿನ ಹೆಣಿಗೆ. ಅದನ್ನು ಎಲ್ಲಿ ಇಡಬೇಕು ಎಂಬುದು ಚೀಲಕ್ಕೆ ತೇಪೆ ಹಾಕಿದವರಿಗೆ ಬೇಗ ಅರ್ಥವಾಗುತ್ತದೆ. ಹರಿದ ಚೀಲಕ್ಕೆ ಹೊರಗಿನಿಂದ ತೇಪೆ ಹಚ್ಚಿದರೆ ಅಕ್ಕಿಯ ಭಾರ ಅದನ್ನು ತಳ್ಳಿ ಬಿಡಿಸಲು ನೋಡುತ್ತದೆ. ಒಳಗಿನಿಂದ ಹಚ್ಚಿದರೆ ಅದೇ ಭಾರ ತೇಪೆಯನ್ನು ಚೀಲದ ಗೋಡೆಗೆ ಒತ್ತಿ ಹಿಡಿಯುತ್ತದೆ. ಅದಕ್ಕೇ ಜಾಲರಿಯನ್ನು ಸ್ನಾಯು ಪದರಗಳ ಹಿಂದೆ, ಸೀಳಿನ ಅಂಚಿನಿಂದ ನಾಲ್ಕೂ ಕಡೆ ಸಾಕಷ್ಟು ಚಾಚಿಕೊಳ್ಳುವಂತೆ ಹಾಸಲು ಇಷ್ಟಪಡುತ್ತೇವೆ.

ನಿಮ್ಮಲ್ಲಿ ತೊಡಕು ಇರುವುದೂ ಅಲ್ಲೇ. ಸ್ನಾಯುವಿನ ಹಿಂದೆ ಎಂದರೆ ಕಿಡ್ನಿಯ ಮುಖದ ಮೇಲೆಯೇ. ಹಳೆಯ ಗಾಯ ತೆರೆದಾಗ ಕಿಡ್ನಿಯ ಹೊದಿಕೆ ಸ್ನಾಯುವಿನ ಒಳಮೈಗೆ ಅಂಟಿಕೊಂಡಿರುತ್ತದೆ, ಎರಡರ ನಡುವೆ ಕೆಲವೊಮ್ಮೆ ಒಂದು ಕಾಗದದಷ್ಟೂ ಜಾಗವಿರುವುದಿಲ್ಲ. ಅಲ್ಲಿ ಆತುರ ಕೂಡದು. ಅಂಟು ಇಲ್ಲದ ಮೇಲ್ಭಾಗದಿಂದ ಶುರುಮಾಡಿ, ಸುಡುವ ಉಪಕರಣವನ್ನು ಪಕ್ಕಕ್ಕಿಟ್ಟು, ಕತ್ತರಿಯ ತುದಿಯಿಂದ ಸ್ವಲ್ಪ ಸ್ವಲ್ಪವೇ ಬಿಡಿಸುತ್ತ ಬರಬೇಕು. ಬಿಡದ ಕಡೆ ಒಂದು ತುಣುಕು ಸ್ನಾಯುವನ್ನು ಕಿಡ್ನಿಯ ಮೇಲೆಯೇ ಬಿಟ್ಟು ಮುಂದೆ ಹೋಗುವುದು ಲೇಸು. ಗಾಯದ ಕೆಳತುದಿಗೆ, ತೊಡೆಸಂದಿನ ಹತ್ತಿರಕ್ಕೆ ಬಂದಾಗ ಇನ್ನೂ ಎಚ್ಚರ ಬೇಕು. ಮೂತ್ರನಾಳ ಅಲ್ಲೆಲ್ಲೋ ಕೊಬ್ಬಿನೊಳಗೆ ಅಡಗಿರುತ್ತದೆ, ನೋಡಲು ಒಂದು ಗಾಯದ ಎಳೆಯಂತೆಯೇ ಇರುತ್ತದೆ. ಅದನ್ನು ಹೊಲಿಗೆಗೆ ಸಿಕ್ಕಿಸಿದರೆ ಅಥವಾ ಕತ್ತರಿಸಿದರೆ ಕಿಡ್ನಿಯಿಂದ ಮೂತ್ರ ಇಳಿಯುವ ದಾರಿಯೇ ಹೋಯಿತು. ಪಕ್ಕದಲ್ಲೇ ಕಿಡ್ನಿಯ ರಕ್ತನಾಳಗಳು. ಹಾಗಾಗಿ ಜಾಲರಿಯನ್ನು ಆ ಕಡೆ ಎಲ್ಲೆಂದರಲ್ಲಿ ಹೊಲಿಯುವುದಿಲ್ಲ. ಕೆಲವರಲ್ಲಿ ಸ್ನಾಯುವಿನ ಹಿಂದೆ ಜಾಗ ಮಾಡಲು ಬರುವುದೇ ಇಲ್ಲ. ಆಗ ಸ್ನಾಯುವಿನ ಎರಡು ಪದರಗಳ ನಡುವೆಯೋ, ಸೀಳು ಮುಚ್ಚಿ ಅದರ ಮೇಲೆಯೋ ಹಾಸಬೇಕಾಗುತ್ತದೆ. ಶಸ್ತ್ರಚಿಕಿತ್ಸಕರು ಒಳಗೆ ಕಂಡದ್ದರ ಮೇಲೆ ನಿರ್ಧರಿಸಲಿ. ಇಂಥ ಕಡೆಯೇ ಇಡಬೇಕೆಂದು ಮೊದಲೇ ಮಾತು ತೆಗೆದುಕೊಳ್ಳಬೇಡಿ.

ಸಣ್ಣ ತೂತುಗಳ ಮೂಲಕ ಕ್ಯಾಮೆರಾ ಬಿಟ್ಟು ಮಾಡುವ ಲ್ಯಾಪರೊಸ್ಕೋಪಿಯಿಂದ ಆಗುವುದಿಲ್ಲವೇ ಎಂದು ಹೆಚ್ಚಿನವರು ಕೇಳುತ್ತಾರೆ. ಆಗುತ್ತದೆ, ಆಯ್ದ ರೋಗಿಗಳಲ್ಲಿ ಚೆನ್ನಾಗಿಯೇ ಆಗುತ್ತದೆ. ಗಾಯ ಚಿಕ್ಕದು, ಸೋಂಕಿನ ಭಯ ಕಡಿಮೆ. ಆದರೆ ಹೊಟ್ಟೆಯೊಳಗೆ ತುಂಬುವ ಅನಿಲದ ಒತ್ತಡದಿಂದ ಕಿಡ್ನಿಗೆ ಹರಿಯುವ ರಕ್ತ ತಗ್ಗುತ್ತದೆ, ಒತ್ತಡವನ್ನು ಆದಷ್ಟು ಕೆಳಗೇ ಇಡಬೇಕು. ಜಾಲರಿಯನ್ನು ಹಿಡಿಸಲು ಹೊಡೆಯುವ ಸಣ್ಣ ಸುರುಳಿ ಮೊಳೆಗಳನ್ನು ಕಿಡ್ನಿ, ಮೂತ್ರನಾಳ, ರಕ್ತನಾಳ ಇರುವ ಕಡೆ ಹೊಡೆಯುವಂತಿಲ್ಲ. ಸೀಳು ಸೊಂಟದ ಮೂಳೆಗೆ ಅಂಟಿಕೊಂಡೇ ಇದ್ದರೆ ಜಾಲರಿಗೆ ಆ ಬದಿಯಲ್ಲಿ ಆಧಾರವೇ ಸಿಗುವುದಿಲ್ಲ. ನಿಮ್ಮ ಬಗೆಯ ಹರ್ನಿಯಾವನ್ನು ತೆರೆದು ಮಾಡುವುದು ಹಳೆಯ ಕಾಲದ ಪದ್ಧತಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಪ್ರಾಣಿಜನ್ಯ ಅಂಗಾಂಶದಿಂದ ಮಾಡಿದ ದುಬಾರಿ ಜಾಲರಿಗಳೂ ಇವೆ. ಶುಚಿಯಾದ ಗಾಯದಲ್ಲಿ ಅವಕ್ಕೆ ಅಷ್ಟು ಹಣ ತೆರುವ ಅಗತ್ಯ ನನಗೆ ಕಾಣುವುದಿಲ್ಲ.

ಹರ್ನಿಯಾ ತುಂಬಾ ದೊಡ್ಡದಿದ್ದಾಗ ಇನ್ನೊಂದು ಎಚ್ಚರಿಕೆ: ಹೊರಗಿದ್ದ ಕರುಳನ್ನೆಲ್ಲ ಒಮ್ಮೆಲೇ ಒಳಗೆ ತುರುಕಿ ಬಿಗಿಯಾಗಿ ಮುಚ್ಚಿದರೆ ಒಳಗಿನ ಒತ್ತಡ ಏರಿ ಕಿಡ್ನಿ ನಲುಗುತ್ತದೆ. ಅದಕ್ಕೆ ಆಪರೇಷನ್ ಆದ ಮೊದಲೆರಡು ದಿನ ಗಂಟೆಗಂಟೆಗೆ ಮೂತ್ರದ ಪ್ರಮಾಣ ಅಳೆಯುತ್ತಾರೆ, ಕ್ರಿಯಾಟಿನಿನ್ ನೋಡುತ್ತಾರೆ. ಮೂತ್ರ ಕಡಿಮೆಯಾದರೆ ತಕ್ಷಣ ಕಿಡ್ನಿಯ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಆಗಬೇಕು.

ಡಯಾಲಿಸಿಸ್‌ಗಾಗಿ ಕೈಯಲ್ಲಿ ಫಿಸ್ಟುಲಾ (ರಕ್ತನಾಳಗಳ ಜೋಡಣೆ) ಮಾಡಿಸಿದ್ದರೆ ಆ ಕೈಗೆ ಬಿಪಿ ಪಟ್ಟಿ ಕಟ್ಟಿಸಬೇಡಿ, ಸೂಜಿ ಚುಚ್ಚಿಸಬೇಡಿ. ಅರಿವಳಿಕೆಯಲ್ಲಿ ಮಲಗಿದ ಮೇಲೆ ಹೇಳಲು ನೀವು ಎಚ್ಚರವಿರುವುದಿಲ್ಲ, ಮುಂಚೆಯೇ ಆ ಕೈಗೆ ಗುರುತು ಕಟ್ಟಿಸಿಕೊಳ್ಳಿ.

ನೋವಿನ ಮಾತ್ರೆಯ ವಿಷಯ ಬಂದಾಗ ನಾನು ಕಟುವಾಗಿಬಿಡುತ್ತೇನೆ. ಡೈಕ್ಲೊಫೆನಾಕ್, ಐಬುಪ್ರೊಫೆನ್, ಅಸಿಕ್ಲೊಫೆನಾಕ್ ನಿಮಗೆ ವರ್ಜ್ಯ. ಹರ್ನಿಯಾ ಆಪರೇಷನ್ ಆದವರಿಗೆ ಕೊಡುವ ಚೀಟಿಯಲ್ಲಿ ಇವು ರೂಢಿಯಂತೆ ಬಂದುಬಿಡುತ್ತವೆ, ಔಷಧ ಅಂಗಡಿಯಲ್ಲಿ ಚೀಟಿಯಿಲ್ಲದೆಯೂ ಸಿಗುತ್ತವೆ. ಟ್ಯಾಕ್ರೊಲಿಮಸ್ ಜೊತೆಗೆ ಇವು ಸೇರಿದರೆ ಕಿಡ್ನಿಗೆ ಇಮ್ಮಡಿ ಹೊಡೆತ. ಪ್ಯಾರಾಸಿಟಮಾಲ್ ಸುರಕ್ಷಿತ. ಆಪರೇಷನ್ ಸಮಯದಲ್ಲೇ ಹೊಟ್ಟೆಯ ನರಗಳಿಗೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟರೆ ಮೊದಲ ದಿನದ ನೋವು ಸಾಕಷ್ಟು ತಗ್ಗುತ್ತದೆ. ಇನ್ನೂ ಬೇಕಾದರೆ ಟ್ರಮಡಾಲ್‌ನಂಥದ್ದನ್ನು ಅಳೆದು ಕೊಡಬಹುದು. ಆಂಟಿಬಯೋಟಿಕ್‌ಗಳಲ್ಲಿ ಜೆಂಟಾಮೈಸಿನ್, ಅಮಿಕಾಸಿನ್ ಕಿಡ್ನಿಗೆ ಕೆಡುಕು. ಕ್ಲಾರಿತ್ರೊಮೈಸಿನ್ ಮತ್ತು ಬೂಷ್ಟಿನ (ಫಂಗಸ್) ಸೋಂಕಿಗೆ ಕೊಡುವ ಫ್ಲುಕೊನಜೋಲ್ ಟ್ಯಾಕ್ರೊಲಿಮಸ್ ಮಟ್ಟವನ್ನು ದಿಢೀರನೆ ಏರಿಸುತ್ತವೆ. ಚಕ್ಕೋತ ಹಣ್ಣೂ ಏರಿಸುತ್ತದೆ, ಅದನ್ನು ಬಿಟ್ಟುಬಿಡಿ. ಮನೆಗೆ ಹೊರಡುವಾಗ ಪ್ರತಿ ಮಾತ್ರೆಯ ಹೆಸರನ್ನು ಕಿಡ್ನಿ ತಜ್ಞರಿಗೆ ಓದಿ ಹೇಳಿ. ಈಗ ಮೊಬೈಲಿನಲ್ಲಿ ಚೀಟಿಯ ಫೋಟೊ ಕಳಿಸಿದರೂ ಸಾಕು.

ನಮ್ಮ ಊರಿನ ಬೇಸಿಗೆಯನ್ನು ಮರೆಯಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ದೇಹದ ನೀರು ಇಳಿದರೆ ಕ್ರಿಯಾಟಿನಿನ್ ಏರುತ್ತದೆ, ಬೆವರಿಗೆ ಗಾಯವೂ ಬೇಗ ಒದ್ದೆಯಾಗುತ್ತದೆ. ಆಯ್ಕೆ ನಿಮ್ಮ ಕೈಯಲ್ಲಿರುವಾಗ ಮಳೆ ಬಿದ್ದು ತಂಪಾದ ಮೇಲೆ, ಸುಗ್ಗಿಯ ಚೀಲಗಳು ಗಿರಣಿಗೆ ಬಂದು ಬೀಳುವ ಮೊದಲು ದಿನ ಗೊತ್ತುಮಾಡಿ. ಉಬ್ಬು ಈಗಾಗಲೇ ನೋಯುತ್ತಿದ್ದರೆ ಈ ಲೆಕ್ಕ ಬೇಡ, ಬೇಸಿಗೆಯಲ್ಲೇ ಮಾಡಿಸಿ.

ಆಪರೇಷನ್ ಆದ ಮರುದಿನದಿಂದಲೇ ನಡೆದಾಡಬೇಕು. ಮೊದಲ ಆರು ವಾರ ನೀರಿನ ಕೊಡವನ್ನೂ ಎತ್ತಬೇಡಿ. ನಿಮ್ಮ ಗಾಯ ಬೇರೆಯವರಿಗಿಂತ ನಿಧಾನ, ಹಾಗಾಗಿ ಮೂರು ತಿಂಗಳವರೆಗೆ ಹತ್ತು ಕೆಜಿ ಮೀರದಿರಲಿ. 75 ಕೆಜಿ ಚೀಲಕ್ಕೆ ಬೆನ್ನು ಕೊಡುವುದು ಇನ್ನು ಮುಂದೆ ಬೇಡವೇ ಬೇಡ. ಗಿರಣಿಯ ಮಾಲೀಕರೊಂದಿಗೆ ಮಾತನಾಡಿ ತೂಕ, ಲೆಕ್ಕ, ಯಂತ್ರದ ಮೇಲ್ವಿಚಾರಣೆಯಂಥ ಕೆಲಸಕ್ಕೆ ಬದಲಾಯಿಸಿಕೊಳ್ಳಿ. ಬೇಕಾದರೆ ವೈದ್ಯರಿಂದ ಪತ್ರ ಬರೆಸಿಕೊಂಡು ಹೋಗಿ. ಗಾಯದ ಕೆಳಗೆ ನೀರು ತುಂಬಿ ಮತ್ತೆ ಸಣ್ಣ ಉಬ್ಬು ಕಂಡರೆ ಹರ್ನಿಯಾ ಮರಳಿತೆಂದು ಹೆದರಬೇಡಿ, ಹೆಚ್ಚಿನ ಸಲ ಅದು ತಾನಾಗಿ ಇಂಗುತ್ತದೆ. ಸೂಜಿ ಹಾಕಿ ತೆಗೆಯಲು ಸಿಕ್ಕಸಿಕ್ಕವರಿಗೆ ಬಿಡಬೇಡಿ. ಒಳಗೆ ಕಿಡ್ನಿಯಿದೆ, ಜಾಲರಿಯಿದೆ. ಮುಂದೆಂದಾದರೂ ಕಿಡ್ನಿಯ ಬಯಾಪ್ಸಿ (ಸೂಜಿಯಿಂದ ಸಣ್ಣ ತುಣುಕು ತೆಗೆದು ಪರೀಕ್ಷಿಸುವುದು) ಬೇಕಾದರೆ ಜಾಲರಿ ಎಲ್ಲಿ ಹಾಸಿದ್ದಾರೆಂಬುದು ಆ ವೈದ್ಯರಿಗೆ ತಿಳಿದಿರಬೇಕು. ಈ ಆಪರೇಷನ್ನಿನ ಟಿಪ್ಪಣಿಯನ್ನೂ ಕಸಿಯ ಕಾಗದಗಳ ಜೊತೆಗೇ ಇಡಿ.

ಎಲ್ಲಿ ಮಾಡಿಸುವುದು? ಕಸಿ ಮಾಡಿದ ಬೆಂಗಳೂರಿನ ಆಸ್ಪತ್ರೆಯಲ್ಲಿ ಮಾಡಿಸಿಕೊಳ್ಳಲು ಅನುಕೂಲವಿದ್ದರೆ ಅದೇ ನನ್ನ ಮೊದಲ ಸಲಹೆ. ಹೋಗಿಬರುವ ಖರ್ಚು, ಅಲ್ಲಿ ಉಳಿಯುವ ಕಷ್ಟ ನನಗೆ ಗೊತ್ತು. ಆದರೂ ಇದು ಮತ್ತೆ ಮತ್ತೆ ಮಾಡಿಸುವ ಕೆಲಸವಲ್ಲ. ಅದು ಸಾಧ್ಯವಾಗದಿದ್ದರೆ, ಕಿಡ್ನಿ ತಜ್ಞರೂ ಡಾಪ್ಲರ್ ಸ್ಕ್ಯಾನ್ ಸೌಲಭ್ಯವೂ ಒಂದೇ ಕಡೆ ಇರುವ, ಟ್ಯಾಕ್ರೊಲಿಮಸ್ ಮಟ್ಟವನ್ನು ಬೇಗ ತರಿಸಿಕೊಳ್ಳಬಲ್ಲ ಆಸ್ಪತ್ರೆಯನ್ನು ಆರಿಸಿ. ಹಣದ ವಿಷಯಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಕಾರ್ಡ್ ಜೊತೆಗಿರಲಿ. ಯೋಜನೆಯಡಿ ನೋಂದಾಯಿತ ಆಸ್ಪತ್ರೆಗಳಲ್ಲಿ ಆರೋಗ್ಯ ಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ. ದಾಖಲಾಗುವ ಮೊದಲೇ ಅವರನ್ನು ಕಂಡು, ಜಾಲರಿಯ ಖರ್ಚು ಸೇರಿದೆಯೇ ಎಂದು ಕೇಳಿಕೊಳ್ಳಿ.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳುತ್ತೇನೆ. ನಿಮಗೆ ಕಿಡ್ನಿ ಕೊಟ್ಟ ನಿಮ್ಮ ಪತ್ನಿಗೂ ಗಾಯವಾಗಿದೆ. ಪಕ್ಕೆಯಲ್ಲಿ ತೆರೆದು ತೆಗೆದಿದ್ದರೆ ಅಲ್ಲಿ, ಲ್ಯಾಪರೊಸ್ಕೋಪಿಯಿಂದ ತೆಗೆದಿದ್ದರೆ ಕಿಡ್ನಿಯನ್ನು ಹೊರತಂದ ಕೆಳಹೊಟ್ಟೆಯ ಗಾಯದಲ್ಲಿ, ದಾನಿಗಳಿಗೂ ಒಮ್ಮೊಮ್ಮೆ ಹರ್ನಿಯಾ ಆಗುತ್ತದೆ. ಮನೆಯಲ್ಲಿ ಕಸಿಯಾದವರ ಮೇಲೇ ಎಲ್ಲರ ಕಣ್ಣಿರುವುದರಿಂದ ದಾನಿ ತನ್ನ ನೋವನ್ನು ಹೇಳುವುದಿಲ್ಲ. ನೀವು ಪರೀಕ್ಷೆಗೆ ಹೋಗುವ ದಿನ ಅವರನ್ನೂ ಕರೆದುಕೊಂಡು ಹೋಗಿ ಅವರ ಗಾಯವನ್ನೂ ತೋರಿಸಿ, ಬಿಪಿ, ಕ್ರಿಯಾಟಿನಿನ್ ಮತ್ತು ಮೂತ್ರದಲ್ಲಿ ಪ್ರೋಟೀನ್ ಪರೀಕ್ಷೆ ಮಾಡಿಸಿ. ಒಂದೇ ಕಿಡ್ನಿಯಿರುವ ದಾನಿಗೆ ಇದು ವರ್ಷಕ್ಕೊಮ್ಮೆ ಆಗಬೇಕು. ನಿಮ್ಮ ಆಪರೇಷನ್ ಆದ ಮೇಲೆ ಕೊಡಗಳನ್ನು ಎತ್ತುವ ಕೆಲಸವೆಲ್ಲ ಅವರ ಮೇಲೆ ಬೀಳುತ್ತದೆ. ಆ ಆರು ವಾರಗಳ ಮಟ್ಟಿಗಾದರೂ ಮನೆಗೆ ಇನ್ನೊಬ್ಬರ ಸಹಾಯವನ್ನು ಈಗಲೇ ಗೊತ್ತುಮಾಡಿಕೊಳ್ಳಿ.